ಕಣಜದ ಗೂಡು ಎಂಬ ಊರು, ಆಲೂಗಡ್ಡೆ ಹೊತ್ತ ರೈಲು

ಕನ್ನಡದಲ್ಲಿ ಕಣಜ ಅಂದರೆ ಎರಡು. ಕಾಳು ತುಂಬಿಡುವ ಕಣಜ ಒಂದು, ಕುಟುಕುವ ಕಣಜ ಇನ್ನೊಂದು. ಇವತ್ತು ನಾನು ಹೇಳಹೊರಟಿರುವ ಊರಿಗೆ ಎರಡೂ ಒಪ್ಪುತ್ತವೆ. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಲಿಂಕನ್‌ಶೈರ್ ಅಂತ ಒಂದು ಜಿಲ್ಲೆ. ಅದರ ಮುಖ್ಯ ಪಟ್ಟಣ ಲಿಂಕನ್. ಅಲ್ಲಿಂದ ಆಗ್ನೇಯಕ್ಕೆ ಸ್ವಲ್ಪ ದೂರ ಹೋದರೆ, ನಾಕ್ಟನ್ ಫೆನ್ ಅನ್ನುವ ಬಯಲಿನಲ್ಲಿ, ಬೆರಳಲ್ಲಿ ಎಣಿಸುವಷ್ಟು ಮನೆಗಳ ಒಂದು ಹಟ್ಟಿ ಸಿಗುತ್ತದೆ. ಹೆಸರು ವಾಸ್ಪ್ಸ್ ನೆಸ್ಟ್. ಅಂದರೆ ಕಣಜದ ಗೂಡು. ಯಾರೋ ತಮಾಷೆಗೆ ಕರೆಯುವ ಅಡ್ಡಹೆಸರು ಅಂದುಕೊಳ್ಳಬೇಡಿ, ನಕ್ಷೆಯಲ್ಲೇ ಹಾಗಿದೆ.

ಈ ಊರನ್ನು ನೋಡಲು ಯಾರೂ ಟಿಕೆಟ್ ತೆಗೆದುಕೊಂಡು ಹೋಗುವುದಿಲ್ಲ. ಕೋಟೆ ಇಲ್ಲ, ಬೆಟ್ಟ ಇಲ್ಲ. ಆದರೆ ಒಂದು ಕಾಲದಲ್ಲಿ ಈ ಬಯಲಿನ ತುಂಬ ಒಂದು ರೈಲು ಓಡಾಡುತ್ತಿತ್ತು. ಅದಕ್ಕೆ ವೇಳಾಪಟ್ಟಿ ಇರಲಿಲ್ಲ. ಟಿಕೆಟ್ ಇರಲಿಲ್ಲ. ಅದರ ಮುಖ್ಯ ಪ್ರಯಾಣಿಕ ಆಲೂಗಡ್ಡೆ. ರೈಲ್ವೆಯ ಚರಿತ್ರೆ ಅಂದರೆ ನಮಗೆ ನಿಲ್ದಾಣ, ಸುರಂಗ, ಸೇತುವೆ, ದೊಡ್ಡ ದೊಡ್ಡ ಎಂಜಿನಿಯರುಗಳ ಹೆಸರು, ಇವೇ ನೆನಪಿಗೆ ಬರುತ್ತವೆ. ನಾನು ಹೇಳುವ ರೈಲನ್ನು ಆ ಸಾಲಿಗೆ ಸೇರಿಸಿದರೆ ಅರ್ಥವಾಗುವುದಿಲ್ಲ. ಅದನ್ನು ನೇಗಿಲು, ಕುಂಟೆ, ಕೂರಿಗೆಗಳ ಸಾಲಿಗೆ ಸೇರಿಸಿ ನೋಡಿ. ಆಗ ಎಲ್ಲ ಸರಿಹೋಗುತ್ತದೆ.

ಮೊದಲು ನೆಲದ ವಿಷಯ. ಫೆನ್ ಅಂದರೇನು? ಜೌಗು ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದು. ಆದರೆ ಈಗ ಹೋದರೆ ನಿಮಗೆ ಜೌಗು ಕಾಣುವುದಿಲ್ಲ. ಕಣ್ಣು ಹಾಯುವಷ್ಟು ದೂರ ಉತ್ತ ಕಪ್ಪು ಹೊಲ ಕಾಣುತ್ತದೆ, ರೂಲರ್ ಇಟ್ಟು ಗೀಚಿದ ಹಾಗೆ ನೇರವಾದ ಕಾಲುವೆಗಳು ಕಾಣುತ್ತವೆ. ನೂರಾರು ವರ್ಷ ನೀರು ಬಸಿದು ಬಸಿದು ಮಾಡಿದ ನೆಲ ಅದು. ಸಾವಿರಾರು ವರ್ಷ ಜೊಂಡು, ಪಾಚಿ, ಮರ ಎಲ್ಲ ನೀರೊಳಗೇ ಬಿದ್ದು, ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂತು ಆದ ಕಪ್ಪು ಪದರಕ್ಕೆ ಪೀಟ್ ಅನ್ನುತ್ತಾರೆ. ನೀರು ತೆಗೆದರೆ ಅದರಷ್ಟು ಒಳ್ಳೆಯ ಮಣ್ಣು ಇನ್ನೊಂದಿಲ್ಲ.

ನಾಕ್ಟನ್‌ನ ನೆಲ ಹೀಗೆ ಇಳಿಯುತ್ತದೆ. ಪಶ್ಚಿಮಕ್ಕೆ ಸುಣ್ಣಕಲ್ಲಿನ ಎತ್ತರದ ಒಣ ಬಯಲು. ಅದರ ಇಳಿಜಾರಿನಲ್ಲಿ ನಾಕ್ಟನ್ ಹಳ್ಳಿ. ಇನ್ನೂ ಕೆಳಗೆ ಕಾರ್ ಡೈಕ್ ಅನ್ನುವ ಹಳೆಯ ಕಾಲುವೆ. ಇದು ರೋಮನ್ನರ ಕಾಲದ್ದು. ಲಿಂಕನ್ ಬಳಿಯಿಂದ ಪೀಟರ್‌ಬರೊವರೆಗೆ ಫೆನ್‌ನ ಅಂಚಿಗೇ ಅಂಟಿಕೊಂಡು ಹೋಗುತ್ತದೆ. ಕಾರ್ ಡೈಕ್ ದಾಟಿದರೆ ಫೆನ್. ಫೆನ್ ಮುಗಿಯುವ ಕಡೆ ವಿದಮ್ ನದಿ, ಎರಡೂ ಬದಿ ಏರಿ ಕಟ್ಟಿಸಿಕೊಂಡು ಹೊಲಕ್ಕಿಂತ ಎತ್ತರದಲ್ಲಿ ಹರಿಯುತ್ತದೆ. ಹೌದು, ಸರಿಯಾಗಿಯೇ ಕೇಳಿಸಿಕೊಂಡಿರಿ. ನದಿ ಮೇಲೆ, ಹೊಲ ಕೆಳಗೆ. ಹೊಲದಲ್ಲಿ ಬಿದ್ದ ಮಳೆ ತಾನಾಗಿ ಹೊಳೆ ಸೇರುವುದಿಲ್ಲ, ಅದನ್ನು ಎತ್ತಿ ಹಾಕಬೇಕು. ಮೊದಲು ಗಾಳಿಯಂತ್ರ ಎತ್ತಿತು, ಆಮೇಲೆ ಉಗಿಯಂತ್ರ, ಆಮೇಲೆ ಡೀಸೆಲ್, ಈಗ ಕರೆಂಟು. ನದಿಯ ಹಾಗೇ ಏರಿ ಕಟ್ಟಿ ಹೊಲಕ್ಕಿಂತ ಎತ್ತರದಲ್ಲಿ ಹರಿಸುವ ಕಾಲುವೆಗಳಿಗೆ ಅಲ್ಲಿಯವರು ಡೆಲ್ಫ್ ಅನ್ನುತ್ತಾರೆ. ನಾಕ್ಟನ್‌ಗೂ ಒಂದು ಡೆಲ್ಫ್ ಇದೆ.

ವಿದಮ್ ಕಣಿವೆಯ ನೀರು ಬಸಿಯಲು ಪಾರ್ಲಿಮೆಂಟು ಕಾನೂನು ಮಾಡಿದ್ದು 1762ರಲ್ಲಿ. ಸಮುದ್ರದ ಕಡೆ ಬಾಸ್ಟನ್ ಪಟ್ಟಣದಲ್ಲಿ 1766ರಲ್ಲಿ ಒಂದು ಭಾರಿ ತೂಬು ಕಟ್ಟಿದರು. ಗ್ರ್ಯಾಂಡ್ ಸ್ಲೂಸ್ ಅಂತ ಹೆಸರು, ಇವತ್ತಿಗೂ ಇದೆ. ಭರತ ಬಂದಾಗ ತೂಬಿನ ಬಾಗಿಲು ಮುಚ್ಚಿಕೊಂಡು ಉಪ್ಪುನೀರು ಒಳಗೆ ಬರದಂತೆ ತಡೆಯುತ್ತದೆ, ಇಳಿತದಲ್ಲಿ ಬಾಗಿಲು ತೆರೆದು ನದಿಯ ನೀರು ಹೊರಗೆ ಹೋಗುತ್ತದೆ. ಸರಳ ಉಪಾಯ. ಅದು ಇಲ್ಲದಿದ್ದರೆ ಈ ಕಥೆಯೇ ಇಲ್ಲ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ದಕ್ಷಿಣದ ಫೆನ್‌ನಲ್ಲಿ ಹೋಮ್ ಅಂತ ಒಂದು ಜಾಗ. 1851ರಲ್ಲಿ ಅಲ್ಲಿ ಒಂದು ಕಬ್ಬಿಣದ ಕಂಬವನ್ನು ಪೀಟ್ ಮಣ್ಣಿನೊಳಗೆ ತಲೆಯವರೆಗೂ ಹೂತರು. ಕಂಬದ ತುದಿ ನೆಲದ ಮಟ್ಟಕ್ಕೆ ಸಮ. ಪಕ್ಕದ ದೊಡ್ಡ ಕೆರೆಯ ನೀರನ್ನು ಬಸಿದರೆ ನೆಲ ಎಷ್ಟು ಕುಸಿಯುತ್ತದೆ ಅಂತ ನೋಡುವ ಆಸೆ. ಈಗ ಆ ಕಂಬ ನೆಲದಿಂದ ಸುಮಾರು 4 ಮೀಟರ್ ಮೇಲೆ ನಿಂತಿದೆ. ಕಂಬ ಬೆಳೆದಿಲ್ಲ ಅಲ್ವಾ? ನೆಲ ಇಳಿದಿದೆ. ನೀರು ಹೋದ ಪೀಟ್ ಮೊದಲು ಕುಗ್ಗುತ್ತದೆ. ಆಮೇಲೆ ಗಾಳಿ ತಾಗಿ ಕೊಳೆಯುತ್ತದೆ. ಉಳಿದದ್ದು ಒಣಗಿ ಪುಡಿಯಾಗಿ, ಬೇಸಗೆಯ ಗಾಳಿಗೆ ಕಪ್ಪು ಧೂಳಾಗಿ ಎದ್ದು ಹೋಗುತ್ತದೆ. ಫೆನ್‌ನ ರಸ್ತೆಗಳಲ್ಲಿ ಕಾರು ಅಲೆಯ ಮೇಲೆ ಹೋದ ಹಾಗೆ ಕುಣಿಯುವುದು ಇದಕ್ಕೇ. ಮನೆಗಳು ಒಂದು ಪಕ್ಕಕ್ಕೆ ವಾಲಿರುವುದೂ ಇದಕ್ಕೇ. ಇಂಥ ನೆಲದ ಮೇಲೆ ಯಾವ ಭಾರವನ್ನೂ ನಂಬಿ ಇಡುವ ಹಾಗಿಲ್ಲ.

ಈಗ ಆಲೂಗಡ್ಡೆಗೆ ಬನ್ನಿ. ಒಂದು ಸಣ್ಣ ಲೆಕ್ಕ ಹಾಕೋಣ. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಒಂದು ಎಕರೆ ಗೋಧಿ ಅಂದರೆ ಹೆಚ್ಚುಕಡಿಮೆ ಒಂದು ಟನ್. ಒಂದು ಎಕರೆ ಆಲೂಗಡ್ಡೆ ಅಂದರೆ ಆರು ಟನ್, ಒಳ್ಳೆಯ ಮಣ್ಣಾದರೆ ಇನ್ನೂ ಜಾಸ್ತಿ. ನೂರು ಎಕರೆ ಹಾಕಿದ ರೈತ ಆರುನೂರು ಟನ್ ಗಡ್ಡೆಯನ್ನು ಹೊಲದಿಂದ ಎತ್ತಬೇಕು. ಕುದುರೆ ಗಾಡಿಗೆ ಒಂದು ಟನ್ ಹೇರಿದರೆ ಆರುನೂರು ಸಲ ಹೋಗಿ ಬರಬೇಕು. ಇದು ಬರೀ ಬೆಳೆ. ಬಿತ್ತನೆ ಗಡ್ಡೆ, ಗೊಬ್ಬರ, ಕಲ್ಲಿದ್ದಲು ಒಳಗೆ ಹೋಗುವುದು ಬೇರೆ.

ಕೆಲಸ ಬೀಳುವುದು ಯಾವಾಗ? ಗಡ್ಡೆ ಕೀಳುವುದು ಸೆಪ್ಟೆಂಬರ್, ಅಕ್ಟೋಬರ್. ಆಮೇಲೆ ಇಡೀ ಚಳಿಗಾಲ ಅದನ್ನು ಆರಿಸಿ, ಮೂಟೆ ಕಟ್ಟಿ ಸಾಗಿಸುತ್ತಾರೆ. ಅಂದರೆ ಮಳೆ ಹಿಡಿದು ನೆಲ ರಾಡಿಯಾಗುವ ಹೊತ್ತಿಗೇ ಸರಿಯಾಗಿ ಸಾಗಾಟ ಶುರು. ಫೆನ್‌ನ ಒಳದಾರಿಗಳಿಗೆ ಡ್ರೋವ್ ಅನ್ನುತ್ತಾರೆ. ದನ ಹೊಡೆದುಕೊಂಡು ಹೋಗಲು ಬಿಟ್ಟ ಅಗಲವಾದ ಮಣ್ಣುದಾರಿ. ಬೇಸಗೆಯಲ್ಲಿ ಚೆನ್ನಾಗಿರುತ್ತದೆ. ಒಂದು ನವೆಂಬರ್‌ನಲ್ಲಿ ನಾನು ಅಂಥ ದಾರಿಯಲ್ಲಿ ನಡೆಯಲು ಹೋಗಿ, ಹತ್ತು ಹೆಜ್ಜೆಗೆ ಬೂಟಿನ ಅಡಿ ಇಟ್ಟಿಗೆ ಕಟ್ಟಿದಷ್ಟು ಮಣ್ಣು ಮೆತ್ತಿಕೊಂಡು ವಾಪಸ್ ಬಂದೆ. ನಮ್ಮ ಉತ್ತರ ಕರ್ನಾಟಕದ ಎರೆ ಹೊಲದಲ್ಲಿ ಮಳೆಗಾಲದಲ್ಲಿ ಓಡಾಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಗಾಡಿಯ ಚಕ್ರ ಅಚ್ಚಿನವರೆಗೂ ಹೂತರೆ ಕುದುರೆ ಏನು ಮಾಡೀತು?

ಈ ತೊಂದರೆಗೆ ಪರಿಹಾರ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಫ್ರಾನ್ಸಿನಲ್ಲಿ. ಅದೂ ಒಬ್ಬ ರೈತನ ಹೊಲದಲ್ಲಿ. ಹೆಸರು ಪಾಲ್ ದೆಕೊವಿಲ್. ಪ್ಯಾರಿಸ್ಸಿನ ದಕ್ಷಿಣಕ್ಕೆ ಅವನ ಜಮೀನು. 1875ರಲ್ಲಿ ಸಕ್ಕರೆ ಗಡ್ಡೆ, ಅಂದರೆ ಶುಗರ್ ಬೀಟ್, ಭರ್ಜರಿಯಾಗಿ ಬಂತು. ಜೊತೆಗೆ ಮಳೆಯೂ ಬಂತು. ಹೊಲದಲ್ಲಿ ಬೆಳೆ ಇದೆ, ಗಾಡಿ ಒಳಗೆ ಹೋಗುವ ಹಾಗಿಲ್ಲ. ಅವನು ಏನು ಮಾಡಿದ ಗೊತ್ತಾ? ಎರಡು ಸಣ್ಣ ಹಳಿಗಳನ್ನು ಕಬ್ಬಿಣದ ಅಡ್ಡಪಟ್ಟಿಗಳಿಗೆ ಕಾಯಂ ಆಗಿ ಜೋಡಿಸಿ ತುಂಡು ತುಂಡು ಮಾಡಿದ. ನೋಡಲು ಏಣಿಯ ಹಾಗೆ. ಆಳುಗಳು ಏಣಿಯನ್ನು ಎತ್ತಿಕೊಂಡು ಬಂದು ನೆಲದ ಮೇಲೆ ಮಲಗಿಸುತ್ತಾರೆ, ಮುಂದಿನ ಏಣಿಯನ್ನು ಅದಕ್ಕೆ ಕೂಡಿಸುತ್ತಾರೆ. ದಾರಿ ಆಯಿತು. ಅದರ ಮೇಲೆ ಸಣ್ಣ ಗಾಡಿ ತಳ್ಳುವುದು. ಆ ಹೊಲದ ಕೆಲಸ ಮುಗಿದರೆ ಏಣಿಗಳನ್ನು ಎತ್ತಿಕೊಂಡು ಪಕ್ಕದ ಹೊಲಕ್ಕೆ ಹೋಗುವುದು.

ನೇಗಿಲು, ಕುಂಟೆಗಳ ಸಾಲಿಗೆ ಸೇರಿಸಿ ಅಂದೆನಲ್ಲ, ಅದು ಇದಕ್ಕೇ. ಊರಿಂದ ಊರಿಗೆ ಹೋಗುವ ರೈಲು ಒಮ್ಮೆ ಹಾಕಿದರೆ ಅಲ್ಲೇ. ದೆಕೊವಿಲ್‌ನ ಹಳಿ ಹೊಲಕ್ಕೆ ಬೇಕಾದಾಗ ಬರುತ್ತದೆ, ಬೇಡವಾದಾಗ ಕೊಟ್ಟಿಗೆಯ ಗೋಡೆಗೆ ಒರಗಿಕೊಳ್ಳುತ್ತದೆ. ಹಳಿ ಭಾರವನ್ನು ಹರಡುತ್ತದೆ ನೋಡಿ. ಚಕ್ರ ಒಂದೇ ಕಡೆ ನೆಲಕ್ಕೆ ಒತ್ತುವ ಬದಲು ಅಡ್ಡಪಟ್ಟಿಗಳೆಲ್ಲ ಹಂಚಿಕೊಂಡು ಹೊರುತ್ತವೆ. ಕಬ್ಬಿಣದ ಮೇಲೆ ಕಬ್ಬಿಣದ ಚಕ್ರ ಸುಲಭವಾಗಿ ಉರುಳುತ್ತದೆ. ಕೆಸರಲ್ಲಿ ಒಂದು ಟನ್ ಎಳೆಯಲು ಒದ್ದಾಡುವ ಕುದುರೆ ಹಳಿಯ ಮೇಲೆ ಹಲವು ಟನ್ ಎಳೆಯುತ್ತದೆ.

ದೆಕೊವಿಲ್ ಅಲ್ಲಿಗೆ ಸುಮ್ನೆ ಕೂರಲಿಲ್ಲ. ಕಾರ್ಖಾನೆ ಇಟ್ಟು ಲೋಕಕ್ಕೆಲ್ಲ ಮಾರಿದ. ಗಣಿ, ತೋಟ, ಇಟ್ಟಿಗೆ ಗೂಡು, ಕಬ್ಬಿನ ಗದ್ದೆ, ಎಲ್ಲ ಕಡೆ. 1889ರಲ್ಲಿ ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನದಲ್ಲಿ, ಐಫೆಲ್ ಗೋಪುರ ಹೊಸದಾಗಿ ಎದ್ದ ವರ್ಷ, ಜನ ಕೂತು ಓಡಾಡಿದ್ದು ಇದೇ 60 ಸೆಂಟಿಮೀಟರ್ ಅಗಲದ ಹಳಿಯ ರೈಲಿನಲ್ಲಿ. ನಮ್ಮ ಬ್ರಾಡ್‌ಗೇಜ್ ಹಳಿ 1,676 ಮಿಲಿಮೀಟರ್. ಅದರ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಅಷ್ಟೇ.

ಸೈನ್ಯದವರ ಕಣ್ಣು ಇದರ ಮೇಲೆ ಬೀಳದೆ ಇರುತ್ತದೆಯೇ? ಪೆಶೊ ಎಂಬ ಫ್ರೆಂಚ್ ಫಿರಂಗಿದಳದ ಅಧಿಕಾರಿ ಇದನ್ನೇ ಹಿಡಿದು ಭಾರಿ ತೋಪುಗಳನ್ನು ಸಾಗಿಸುವ ವ್ಯವಸ್ಥೆ ಮಾಡಿದ. ಜರ್ಮನ್ನರೂ ತಮ್ಮದನ್ನು ಮಾಡಿಕೊಂಡರು. ಬ್ರಿಟಿಷರು ಮಾತ್ರ ಲಾರಿ ಸಾಕು, ಕುದುರೆ ಸಾಕು ಅಂತಿದ್ದರು. ಮೊದಲ ಮಹಾಯುದ್ಧದಲ್ಲಿ, 1916ರ ಸೊಮ್ ಕದನ ಅವರಿಗೆ ಬುದ್ಧಿ ಕಲಿಸಿತು. ಮಳೆ, ಷೆಲ್ ಬಿದ್ದ ಗುಂಡಿಗಳು, ಲಾರಿಗಳ ತುಳಿತ ಸೇರಿ ರಸ್ತೆ ಅನ್ನುವುದೇ ಉಳಿಯಲಿಲ್ಲ. ಆಗ ಎರಿಕ್ ಗೆಡ್ಡಿಸ್ ಎಂಬ ರೈಲ್ವೆ ಅಧಿಕಾರಿಯನ್ನು ಕರೆಸಿ ಸಾಗಾಟದ ಹೊಣೆ ಕೊಟ್ಟರು. ಮುಂದಿನ ಎರಡು ವರ್ಷ ಯುದ್ಧಭೂಮಿಯ ಹಿಂಭಾಗದಲ್ಲೆಲ್ಲ 60 ಸೆಂಟಿಮೀಟರ್ ಹಳಿಗಳ ಜಾಲ ಹಬ್ಬಿತು. ಗುಂಡು, ಆಹಾರ, ನೀರು, ಮುಳ್ಳುತಂತಿ ಮುಂದಕ್ಕೆ. ಗಾಯಾಳುಗಳು ಹಿಂದಕ್ಕೆ.

ಎಂಜಿನ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಯುದ್ಧಭೂಮಿಯಿಂದ ದೂರದ ಹಳಿಗಳಲ್ಲಿ ಉಗಿ ಎಂಜಿನ್ ನಡೆಯುತ್ತಿತ್ತು. ಅಮೆರಿಕದ ಬಾಲ್ಡ್‌ವಿನ್ ಕಂಪನಿ ಒಂದೇ ಮಾದರಿಯ 495 ಉಗಿ ಎಂಜಿನ್‌ಗಳನ್ನು ಬ್ರಿಟಿಷ್ ಸೇನೆಗೆ ಮಾಡಿಕೊಟ್ಟಿತು. ಆದರೆ ಕಂದಕಗಳ ಹತ್ತಿರ ಹೋದರೆ ಹಗಲು ಹೊಗೆ ಕಾಣುತ್ತದೆ, ರಾತ್ರಿ ಬೆಂಕಿ ಕಾಣುತ್ತದೆ. ಶತ್ರುವಿಗೆ ಗುರಿ ತೋರಿಸಿದ ಹಾಗೆ. ಅಲ್ಲಿಗೆ ಪೆಟ್ರೋಲ್ ಎಂಜಿನ್ ಬೇಕು. ಬೆಡ್‌ಫರ್ಡ್ ಪಟ್ಟಣದ ಮೋಟರ್ ರೇಲ್ ಕಂಪನಿ ಅದನ್ನು ಮಾಡಿತು. ಹೆಸರು ಸಿಂಪ್ಲೆಕ್ಸ್. ಸಣ್ಣದಕ್ಕೆ 20 ಅಶ್ವಶಕ್ತಿ, ದೊಡ್ಡದಕ್ಕೆ 40. 20 ಅಂದರೆ ಇವತ್ತಿನ ಒಂದು ಸಾಧಾರಣ ಕಾರಿನ ಕಾಲುಭಾಗ. ಗೇರುಪೆಟ್ಟಿಗೆ ಮಾತ್ರ ಜಾಣತನದ್ದು, ಮುಂದಕ್ಕೆ ಎಷ್ಟು ವೇಗವೋ ಹಿಂದಕ್ಕೂ ಅಷ್ಟೇ.

1918ರ ನವೆಂಬರ್‌ನಲ್ಲಿ ಯುದ್ಧ ನಿಂತಿತು. ಹಳಿ, ವ್ಯಾಗನ್, ಎಂಜಿನ್, ಎಲ್ಲ ರಾಶಿ ರಾಶಿ ಉಳಿಯಿತು. ಸರ್ಕಾರಕ್ಕೆ ಮಾರಿದರೆ ಸಾಕಾಗಿತ್ತು. ಈ ಸಾಮಾನು ಎಲ್ಲೆಲ್ಲಿಗೋ ಹೋಯಿತು, ನಮ್ಮ ದೇಶಕ್ಕೂ ಬಂತು. ಉತ್ತರ ಪ್ರದೇಶದ ಖತೌಲಿಯ ಸಕ್ಕರೆ ಕಾರ್ಖಾನೆಯಲ್ಲಿ ಯುದ್ಧಕಾಲದ ಬಾಲ್ಡ್‌ವಿನ್ ಎಂಜಿನ್‌ಗಳು ದಶಕಗಟ್ಟಲೆ ಕಬ್ಬು ಎಳೆದವು. ಅವು ಹಳತಾದ ಮೇಲೆ ಬ್ರಿಟನ್ನಿನ ರೈಲುಪ್ರಿಯರು ಬಂದು, ಕೊಂಡುಕೊಂಡು, ಹಡಗಿಗೆ ಏರಿಸಿ ವಾಪಸ್ ಕರೆದುಕೊಂಡು ಹೋದರು. ನಮ್ಮಲ್ಲಿ ಗುಜರಿ, ಅವರಲ್ಲಿ ಪರಂಪರೆ. ಇರಲಿ.

ಲಿಂಕನ್‌ಶೈರಿನ ರೈತರು ಈ ಸಾಮಾನನ್ನು ನೋಡಿದಾಗ ಅವರಿಗೆ ಹೊಳೆದದ್ದು ಸಹಜ. ಯುದ್ಧ ನಡೆದ ಫ್ಲಾಂಡರ್ಸ್‌ನ ಕೆಸರಲ್ಲಿ ಓಡಿದ್ದು ನಮ್ಮ ಕೆಸರಲ್ಲಿ ಓಡದೆ ಇರುತ್ತದೆಯೇ? ಹೋಲ್‌ಬೀಚ್ ಹತ್ತಿರದ ಫ್ಲೀಟ್ ಎಂಬಲ್ಲಿ ಒಂದು ದೊಡ್ಡ ರೈತ ಕುಟುಂಬ ಯುದ್ಧಕ್ಕೂ ಮೊದಲೇ ಹೊಲದಲ್ಲಿ ಹಳಿ ಹಾಕಿ ದಾರಿ ತೋರಿಸಿತ್ತು. ಈಗ ಅಗ್ಗದ ಸಾಮಾನು ಸಿಕ್ಕಿದ ಮೇಲೆ ಹತ್ತಾರು ಜಮೀನುಗಳಲ್ಲಿ ಹಳಿ ಬಂತು. ಬಹಳಷ್ಟು ಕಡೆ ಎಳೆಯುವುದು ಕುದುರೆಯೇ. ಎಂಜಿನ್ ಇಟ್ಟುಕೊಂಡು ದೊಡ್ಡದಾಗಿ ಮಾಡಿದ್ದು ನಾಕ್ಟನ್.

ನಾಕ್ಟನ್ ಎಸ್ಟೇಟ್ ಅಂದರೆ ಸುಮಾರು 8,000 ಎಕರೆ. ಹಿಂದೆ ಅದು ರಿಪನ್‌ನ ಅರ್ಲ್ ಮನೆತನದ್ದು. ಆ ಮನೆಯ ಫ್ರೆಡರಿಕ್ ರಾಬಿನ್ಸನ್ 1827ರಲ್ಲಿ ಕೆಲವೇ ತಿಂಗಳು ಬ್ರಿಟನ್ನಿನ ಪ್ರಧಾನಿಯಾಗಿದ್ದರು. 1919ರಲ್ಲಿ ಅದನ್ನು ಕೊಂಡವರು ಡೆನ್ನಿಸ್ ಮನೆತನದವರು. ಇವರು ಅರ್ಲ್‌ಗಳಲ್ಲ, ಆಲೂಗಡ್ಡೆ ವ್ಯಾಪಾರಿಗಳು. ಹಿರಿಯರಾದ ವಿಲಿಯಂ ಡೆನ್ನಿಸ್ ಬಡತನದಿಂದ ಮೇಲೆ ಬಂದವರು. ಜನ ಅವರನ್ನು ಆಲೂಗಡ್ಡೆ ರಾಜ ಅಂತ ಕರೆಯುತ್ತಿದ್ದರು. ಬಾಸ್ಟನ್ ಬಳಿಯ ಕರ್ಟನ್ ಊರಲ್ಲಿ ಅವರ ಪ್ರತಿಮೆ ಇದೆ. ಆಲೂಗಡ್ಡೆ ಬೆಳೆದವನಿಗೆ ಪ್ರತಿಮೆ! ನನಗೆ ಈ ವಿಷಯ ಬಹಳ ಹಿಡಿಸಿತು.

ಡೆನ್ನಿಸ್ ಕಂಪನಿ 1920ರ ದಶಕದಲ್ಲಿ ಹಳಿ ಹಾಕಲು ಶುರುಮಾಡಿತು. ಕೊನೆಗೆ ಅದು 20 ಮೈಲಿಗೂ ಮೇಲೆ ಬೆಳೆಯಿತು. ಒಂದೇ ಜಮೀನಿನ ಒಳಗೆ! ಒಂದು ತುದಿ ಮೇಲಿನ ದಿಣ್ಣೆಯಲ್ಲಿ, ದೊಡ್ಡ ರೈಲಿನ ನಾಕ್ಟನ್ ಮತ್ತು ಡನ್‌ಸ್ಟನ್ ನಿಲ್ದಾಣದಲ್ಲಿ. ಲಿಂಕನ್‌ನಿಂದ ಸ್ಲೀಫರ್ಡ್‌ಗೆ 1882ರಲ್ಲಿ ಹಾಕಿದ ಮಾರ್ಗ ಅದು. ಅಲ್ಲಿಂದ ಇಳಿಜಾರಿನಲ್ಲಿ ಕೆಳಗೆ ಬಂದು ಫೆನ್ ಸೇರುತ್ತಿದ್ದಂತೆ ಮರದ ಕೊಂಬೆಗಳ ಹಾಗೆ ಕವಲು. ಒಂದೊಂದು ಕವಲು ಒಂದೊಂದು ಡ್ರೋವ್ ಹಿಡಿದು, ಹೊಲದ ಮನೆಗಳನ್ನು, ವಾಸ್ಪ್ಸ್ ನೆಸ್ಟ್‌ನಂಥ ಹಟ್ಟಿಗಳ ಸುತ್ತಣ ಬಯಲನ್ನು ಮುಟ್ಟುತ್ತಿತ್ತು.

ಒಂದು ಚಳಿಗಾಲದ ಬೆಳಗ್ಗೆ ಇದು ಹೇಗೆ ನಡೆಯುತ್ತಿತ್ತು ಅಂತ ನೋಡೋಣ. ಕಿತ್ತ ಆಲೂಗಡ್ಡೆಯನ್ನು ಆಗಲೇ ಸಾಗಿಸುವುದಿಲ್ಲ. ಎಲ್ಲರೂ ಒಟ್ಟಿಗೆ ಮಾರಿದರೆ ಬೆಲೆ ಬಿದ್ದುಹೋಗುತ್ತದೆ. ಹೊಲದ ಅಂಚಿನಲ್ಲೇ ಉದ್ದಕ್ಕೆ ರಾಶಿ ಹಾಕಿ, ಹುಲ್ಲು ಹೊದಿಸಿ, ಮೇಲೆ ಮಣ್ಣು ಮುಚ್ಚುತ್ತಾರೆ. ದೂರದಿಂದ ಉದ್ದನೆಯ ಸಮಾಧಿಯ ಹಾಗೆ ಕಾಣುವುದರಿಂದ ಅಲ್ಲಿಯವರು ಅದಕ್ಕೆ ಹೇಳುವುದೂ ಸಮಾಧಿ ಅಂತಲೇ. ನಮ್ಮ ಹಗೇವು ನೆಲದ ಒಳಗೆ, ಅವರದು ನೆಲದ ಮೇಲೆ, ಅಷ್ಟೇ ವ್ಯತ್ಯಾಸ. ಹಿಮ ಬಿದ್ದರೂ ಒಳಗಿನ ಗಡ್ಡೆ ಕೆಡುವುದಿಲ್ಲ. ಬೇಕಾದಾಗ ಒಂದು ಬದಿ ಬಗೆದು, ಜರಡಿಗೆ ಹಾಕಿ, ದಪ್ಪ ಸಣ್ಣ ಬೇರೆ ಮಾಡಿ ಚೀಲ ತುಂಬುತ್ತಾರೆ. ಈ ರಾಶಿಗಳನ್ನು ಹಳಿಯ ಪಕ್ಕದಲ್ಲೇ ಹಾಕಿದರೆ, ಇಲ್ಲವೇ ರಾಶಿ ಇರುವ ಕಡೆಗೇ ಹಳಿಯ ಏಣಿಗಳನ್ನು ಹಾಸಿದರೆ, ಚೀಲ ಎತ್ತಿ ನೇರವಾಗಿ ವ್ಯಾಗನ್‌ಗೆ. ಅದೇ ಯುದ್ಧಕಾಲದ ಉದ್ದನೆಯ ವ್ಯಾಗನ್. ಫಿರಂಗಿ ಗುಂಡು ಹೊತ್ತ ಜಾಗದಲ್ಲಿ ಆಲೂಗಡ್ಡೆ ಚೀಲ. ಸಿಂಪ್ಲೆಕ್ಸ್ ಎಂಜಿನ್ ಅದನ್ನು ಎಳೆದುಕೊಂಡು ನಿಲ್ದಾಣದ ದಿಣ್ಣೆ ಹತ್ತಿಸುತ್ತಿತ್ತು. ಅಲ್ಲಿ ಚೀಲಗಳನ್ನು ದೊಡ್ಡ ರೈಲಿಗೆ ಬದಲಾಯಿಸಬೇಕು.

ವಾಪಸ್ ಬರುವಾಗ ಖಾಲಿ ಬರುತ್ತಿರಲಿಲ್ಲ. ಗೊಬ್ಬರ, ಕಲ್ಲಿದ್ದಲು, ಬಿತ್ತನೆ ಗಡ್ಡೆ, ದನ ಹಂದಿಗಳ ಮೇವು. ಇನ್ನೊಂದು ಸಾಮಾನು ಕೇಳಿ ನನಗೆ ಮೊದಲು ನಗು ಬಂತು. ನೀರು! ಸುತ್ತ ಎಲ್ಲಿ ನೋಡಿದರೂ ಕಾಲುವೆ. ಆದರೆ ಪೀಟ್‌ನಲ್ಲಿ ನೆನೆದ ನೀರು ಚಹಾದ ಬಣ್ಣಕ್ಕಿರುತ್ತದೆ, ಕುಡಿಯಲಾಗುವುದಿಲ್ಲ. ಫೆನ್‌ನ ಒಳಗಿನವರಿಗೆ ಒಳ್ಳೆಯ ನೀರನ್ನು ಹಳಿಯ ಮೇಲೆ ಟ್ಯಾಂಕಿನಲ್ಲಿ ತರಬೇಕಾಗಿತ್ತು. ಆಮೇಲೆ ನಗು ನಿಂತುಹೋಯಿತು.

ಕೆಲಸ ಮಾಡಿದವರ ಬಗ್ಗೆ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ರೈಲುಪ್ರಿಯರು ಎಂಜಿನ್ ನಂಬರನ್ನು ಬಾಯಿಪಾಠ ಹೇಳುತ್ತಾರೆ, ಗಡ್ಡೆ ಆರಿಸಿದ ಹೆಂಗಸರ ಮಾತು ಬರುವುದೇ ಇಲ್ಲ. ಯಂತ್ರ ಅಥವಾ ನೇಗಿಲು ಸಾಲು ಬಗೆದು ಮುಂದೆ ಹೋದ ಮೇಲೆ, ಬಗ್ಗಿ ಬಗ್ಗಿ ಬುಟ್ಟಿಗೆ ತುಂಬುವುದೆಲ್ಲ ಹೆಂಗಸರು, ಮಕ್ಕಳು. ಫೆನ್‌ಗಳಲ್ಲಿ ಮೇಸ್ತ್ರಿಯ ಕೈಕೆಳಗೆ ಗುಂಪಾಗಿ ಕೂಲಿಗೆ ಹೋಗುವ ಪದ್ಧತಿ ಬಹಳ ಹಳೆಯದು. ಎಷ್ಟು ಕೆಟ್ಟದಾಗಿತ್ತು ಅಂದರೆ 1867ರಲ್ಲೇ ಅದಕ್ಕೊಂದು ಕಾನೂನು ಮಾಡಿ, ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಗುಂಪಿಗೆ ಸೇರಿಸಬಾರದು ಅಂದರು. ಎಂಟು ವರ್ಷ! ಇಪ್ಪತ್ತನೇ ಶತಮಾನದಲ್ಲೂ ಅಕ್ಟೋಬರ್ ಬಂದರೆ ಆಲೂಗಡ್ಡೆ ರಜೆ ಅಂತ ಶಾಲೆಗಳಿಗೆ ರಜೆ ಸಿಗುತ್ತಿತ್ತು. ರಜೆ ಅಂದರೆ ಆಟ ಅಂದುಕೊಳ್ಳಬೇಡಿ.

ಮನೆಗಳ ಕಥೆಯೂ ಹಾಗೇ. ದೊಡ್ಡ ಎಸ್ಟೇಟುಗಳಲ್ಲಿ ಕೂಲಿಯವರ ಮನೆ ಜಮೀನಿನ ಒಡೆಯನದು. ಕೆಲಸ ಇರುವವರೆಗೆ ಮನೆ. ಕೆಲಸ ಹೋದರೆ ಮನೆಯೂ ಹೋಯಿತು. ಇಂಥವರಿಗೆ ಮನೆ ಬಿಡಿಸದ ಹಾಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1976ರಲ್ಲಿ. ಫೆನ್‌ನ ನಡುವೆ ಒಂಟಿಯಾಗಿ ನಿಂತ ಇಟ್ಟಿಗೆ ಮನೆಗಳನ್ನು ನೋಡಿ ಎಷ್ಟು ಚೆಂದ ಅನ್ನುವ ಮೊದಲು ನನಗೆ ಇದು ನೆನಪಾಗುತ್ತದೆ.

ಇನ್ನು ಚಿಪ್ಸ್ ವಿಷಯ. ನೀವೆಲ್ಲ ಇದಕ್ಕೇ ಕಾಯುತ್ತಿದ್ದೀರಿ ಅಂತ ಗೊತ್ತು. ಫ್ರಾಂಕ್ ಸ್ಮಿತ್ ಅಂತ ಒಬ್ಬರು 1920ರಲ್ಲಿ ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ, ಒಂದು ಗ್ಯಾರೇಜಿನಲ್ಲಿ ಆಲೂಗಡ್ಡೆ ಚಿಪ್ಸ್ ಕರಿದು ಮಾರಲು ಶುರುಮಾಡಿದರು. ಅಲ್ಲಿ ಅದಕ್ಕೆ ಕ್ರಿಸ್ಪ್ಸ್ ಅನ್ನಬೇಕು. ಚಿಪ್ಸ್ ಅಂದರೆ ಬೇರೆಯೇ ತಂದುಕೊಡುತ್ತಾರೆ. ಪೊಟ್ಟಣದ ಒಳಗೆ ಉಪ್ಪನ್ನು ಸಣ್ಣ ನೀಲಿ ಕಾಗದದಲ್ಲಿ ಸುತ್ತಿ ಇಡುತ್ತಿದ್ದರು. ಹರಿದು, ಉದುರಿಸಿಕೊಂಡು, ಪೊಟ್ಟಣ ಕುಲುಕಿ ತಿನ್ನುವುದು. ಮದ್ಯದಂಗಡಿಗಳಲ್ಲಿ ಮೇಜಿನ ಮೇಲಿಟ್ಟ ಉಪ್ಪಿನ ಡಬ್ಬಿ ಕಳವಾಗುತ್ತಿತ್ತು, ಅದಕ್ಕೇ ಈ ಉಪಾಯ ಅಂತ ಒಂದು ಕಥೆ. ವ್ಯಾಪಾರ ಎಷ್ಟು ಬೆಳೆಯಿತು ಅಂದರೆ ಆಲೂಗಡ್ಡೆಗಾಗಿ ಮಾರುಕಟ್ಟೆಯನ್ನು ನಂಬಿದರೆ ಆಗದು ಅನ್ನಿಸಿತು. 1936ರಲ್ಲಿ ಸ್ಮಿತ್ಸ್ ಕಂಪನಿ ನಾಕ್ಟನ್ ಎಸ್ಟೇಟನ್ನೇ ಕೊಂಡಿತು. ಹೊಲ, ಮನೆ, ಹಳಿ, ಎಂಜಿನ್ ಎಲ್ಲ ಸೇರಿ. ಲಿಂಕನ್ ಪಟ್ಟಣದಲ್ಲಿ ಕಾರ್ಖಾನೆಯೂ ಬಂತು. ಆ ಕಂಪನಿ 1989ರಲ್ಲಿ ಪೆಪ್ಸಿಕೋ ಕೈಸೇರಿತು. ಅಂದರೆ ನೀವು ಅಂಗಡಿಯಲ್ಲಿ ತಗೊಳ್ಳುವ ಲೇಸ್‌ಗೂ ಈ ಫೆನ್‌ಗೂ ದೂರದ ನೆಂಟಸ್ತಿಕೆ ಉಂಟು.

ನದಿಯ ಆಚೆ ಬಾರ್ಡ್ನಿ ಎಂಬಲ್ಲಿ 1927ರಲ್ಲಿ ಶುಗರ್ ಬೀಟ್ ಕಾರ್ಖಾನೆ ಶುರುವಾಗಿತ್ತು. ಆಲೂಗಡ್ಡೆಯ ಜೊತೆ ಬೀಟ್ ಕೂಡ ಫೆನ್‌ನ ದೊಡ್ಡ ಬೆಳೆಯಾಯಿತು. ದೆಕೊವಿಲ್ ಬದುಕಿದ್ದು ನೋಡಿದ್ದರೆ ನಗುತ್ತಿದ್ದ ಅನ್ನಿಸುತ್ತದೆ. ಅವನು ಹಳಿ ಹಾಕಿದ್ದೇ ಬೀಟ್ ಹೊಲದಲ್ಲಿ.

ರೈಲು ಯಾಕೆ ಹೋಯಿತು? ನಷ್ಟವಾಗಿ ಅಲ್ಲ, ಅಪಘಾತವಾಗಿ ಅಲ್ಲ. ರಬ್ಬರಿನ ಟೈರು ಬಂತು. ಟ್ರ್ಯಾಕ್ಟರಿಗೆ ಮೊದಲು ಕಬ್ಬಿಣದ ಚಕ್ರವೇ ಇತ್ತು. 1930ರ ದಶಕದಿಂದ ಗಾಳಿ ತುಂಬಿದ ಟೈರು ಬರತೊಡಗಿತು. ಹಳಿ ಇಲ್ಲದೆಯೂ ಭಾರವನ್ನು ಹರಡಿ ಹೊರುವ ಚಕ್ರ ಅದು. ಎರಡನೇ ಮಹಾಯುದ್ಧದಲ್ಲಿ ಹೊರಗಿನಿಂದ ಆಹಾರ ಬರುವುದು ಕಷ್ಟವಾದಾಗ ಸರ್ಕಾರ ಒಂದೊಂದು ಎಕರೆಯನ್ನೂ ಉಳುವಂತೆ ಮಾಡಿತು. ಪೊಟೇಟೊ ಪೀಟ್ (ಇಲ್ಲಿ ಪೀಟ್ ಮಣ್ಣಲ್ಲ, ಹೆಸರು) ಅಂತ ಒಂದು ಆಲೂಗಡ್ಡೆ ಕಾರ್ಟೂನನ್ನು ಮಾಡಿ ಜನರಿಗೆ ಆಲೂಗಡ್ಡೆ ತಿನ್ನಿ ಅಂತ ಪ್ರಚಾರ ಮಾಡಿತು. ಆ ಕಾಲದಲ್ಲಿ ಫೆನ್‌ಗಳ ಒಳಗೆ ಕಾಂಕ್ರೀಟ್ ರಸ್ತೆಗಳೂ ಬಿದ್ದವು. ಯುದ್ಧ ಮುಗಿದ ಮೇಲೆ ಲಾರಿ ಹೊಲದ ಬಾಯಿಗೇ ಬರತೊಡಗಿತು. ಲಾರಿಗೆ ಹೇರಿದರೆ ಕಾರ್ಖಾನೆಯ ಬಾಗಿಲವರೆಗೂ ಒಂದೇ ಹೇರು. ರೈಲಿಗೆ ಹಾಕಿದರೆ ಹೇರು, ಇಳಿಸು, ಮತ್ತೆ ಹೇರು. ಕೂಲಿ ದುಬಾರಿಯಾದ ಕಾಲ ಅದು. 1960ರ ಹೊತ್ತಿಗೆ ನಾಕ್ಟನ್‌ನ ಹಳಿಗೆ ಹೆಚ್ಚು ಕೆಲಸ ಉಳಿದಿರಲಿಲ್ಲ.

ಇಲ್ಲೊಂದು ತಮಾಷೆ ಇದೆ. ಊರಿನ ರೈಲು ನಿಂತರೆ ಜನ ಕಪ್ಪು ಬಾವುಟ ಹಿಡಿಯುತ್ತಾರೆ, ಕೊನೆಯ ಗಾಡಿಗೆ ಹಾರ ಹಾಕುತ್ತಾರೆ, ಫೋಟೊ ತೆಗೆಯುತ್ತಾರೆ. ಇಲ್ಲಿ ಹಾಗೇನಿಲ್ಲ. ಹಳೆಯ ಕುಂಟೆಯನ್ನು ಅಟ್ಟಕ್ಕೆ ಹಾಕಿದ ದಿನಾಂಕವನ್ನು ಯಾರು ಬರೆದಿಡುತ್ತಾರೆ? ಒಂದೊಂದೇ ಕವಲನ್ನು ಎತ್ತಿದರು. ಏಣಿಗಳನ್ನು ಮಡಚಿದ ಹಾಗೆ. ಎತ್ತಿದ ಕಡೆ ಮುಂದಿನ ಹಂಗಾಮಿಗೆ ಉತ್ತರು. ಹೊಲದಲ್ಲಿ ನಿಂತು ನೋಡಿದರೆ ನಿಮಗೆ ಏನೂ ಕಾಣುವುದಿಲ್ಲ. ನೆಲದ ಮೇಲೆ ಸುಮ್ಮನೆ ಹಾಸಿದ ಹಳಿಗೆ ಕಟ್ಟೆ ಇಲ್ಲ, ಸೀಳುದಾರಿ ಇಲ್ಲ.

ಆದರೆ ಸಾಮಾನು ಪೂರ್ತಿ ಗುಜರಿಗೆ ಹೋಗಲಿಲ್ಲ. ಲಿಂಕನ್‌ಶೈರಿನ ಕೆಲವು ರೈಲುಪ್ರಿಯರು ಇದನ್ನು ಉಳಿಸಬೇಕು ಅಂತ ಎದ್ದರು. ಹೊಲದಲ್ಲಿ ಅಲ್ಲ, ಸಮುದ್ರದ ದಡದಲ್ಲಿ. ಕ್ಲೀಥಾರ್ಪ್ಸ್ ಹತ್ತಿರದ ಹಂಬರ್‌ಸ್ಟನ್‌ನಲ್ಲಿ ರಜೆಗೆ ಬರುವವರ ಬಿಡಾರಗಳಿದ್ದವು. ಬಸ್ಸು ನಿಲ್ಲುವ ಕಡೆಯಿಂದ ದಡಕ್ಕೆ ನಡೆಯಬೇಕಿತ್ತು. ಅಲ್ಲಿ ನಾಕ್ಟನ್‌ನ ಹಳಿ, ವ್ಯಾಗನ್, ಎಂಜಿನ್ ತಂದು ಹಾಕಿ 1960ರ ಆಗಸ್ಟ್ 27ರಂದು ಓಡಿಸಿದರು. ಹೆಸರು ಲಿಂಕನ್‌ಶೈರ್ ಕೋಸ್ಟ್ ಲೈಟ್ ರೈಲ್ವೆ. ಹಳೆಯ ಮಾರ್ಗವನ್ನು ಉಳಿಸಿಕೊಂಡ ಕಡೆಗಳು ಬೇರೆ ಇದ್ದವು. ಹಳಿಯೇ ಇಲ್ಲದ ಖಾಲಿ ಜಾಗದಲ್ಲಿ ಪ್ರಿಯರೇ ಸೇರಿ ಹೊಸದಾಗಿ ಕಟ್ಟಿದ್ದು ಇದೇ ಮೊದಲು. ನೋಡಿ, ಎತ್ತಿ ಬೇರೆಡೆ ಹಾಸುವ ಗುಣ ಅದಕ್ಕೆ ಹುಟ್ಟಿನಿಂದಲೇ 1875ರಲ್ಲೇ ಬಂದದ್ದು. 1985ರಲ್ಲಿ ಅಲ್ಲಿಯೂ ನಿಂತಿತು. ಮತ್ತೆ ಎತ್ತಿದರು. ದಕ್ಷಿಣಕ್ಕೆ ಸ್ಕೆಗ್‌ನೆಸ್ ಪಟ್ಟಣದ ಅಂಚಿಗೆ ತಂದು ವರ್ಷಗಟ್ಟಲೆ ದುರಸ್ತಿ ಮಾಡಿ 2009ರಲ್ಲಿ ಓಡಿಸಿದರು. ಈಗಲೂ ಬೇಸಗೆಯಲ್ಲಿ ಕೆಲವು ದಿನ ಓಡುತ್ತದೆ. ಯುದ್ಧಕಾಲದ ವ್ಯಾಗನ್‌ಗಳು ಅಲ್ಲಿವೆ. ನಾಕ್ಟನ್ ಅನ್ನುವ ಹೆಸರಿನದೇ ಒಂದು ಸಿಂಪ್ಲೆಕ್ಸ್ ಎಂಜಿನ್ ಇದೆ.

ಆಗಲೇ ಯಾರೋ ಕೇಳಿದಿರಿ, ಹೊಲದ ತುದಿಗೆ ಹೋದ ಮೇಲೆ ಎಂಜಿನ್ ತಿರುಗಿಸುವುದು ಹೇಗೆ ಅಂತ. ಅದನ್ನು ಹೇಳಿ ನಿಲ್ಲಿಸುತ್ತೇನೆ. ತಿರುಗಿಸುವುದಿಲ್ಲ. ಕಂದಕದ ಹತ್ತಿರವೂ ತಿರುಗಿಸಲು ಜಾಗ ಇರಲಿಲ್ಲ, ಆಲೂಗಡ್ಡೆ ಹೊಲದಲ್ಲೂ ಇಲ್ಲ. ಅದಕ್ಕೇ ಸಿಂಪ್ಲೆಕ್ಸ್‌ನಲ್ಲಿ ಡ್ರೈವರ್ ಮುಂದಕ್ಕೆ ಮುಖ ಮಾಡಿ ಕೂರುವುದೇ ಇಲ್ಲ. ಅಡ್ಡಕ್ಕೆ ಕೂರುತ್ತಾನೆ, ನಮ್ಮ ಕಡೆ ಸ್ಕೂಟರಿನ ಹಿಂದೆ ಸೀರೆ ಉಟ್ಟವರು ಕೂರುವ ಹಾಗೆ. ಹೋಗುವಾಗ ಕತ್ತನ್ನು ಒಂದು ಕಡೆ ತಿರುಗಿಸುತ್ತಾನೆ, ಬರುವಾಗ ಇನ್ನೊಂದು ಕಡೆ.